ಪುಸ್ತಕ ಚೆಂದ ಇತ್ತು, ಬರೆಯೋಕೆ ಆಗಲಿಲ್ಲ

ಮೂರು ವರ್ಷದ ಹಿಂದೆ ಅಮ್ಮನನ್ನು ಕಾಶಿಗೆ ಕರೆದುಕೊಂಡು ಹೋಗುವಾಗ, ಈ ಸಲ ದಿನಾ ಬರೆದಿಡಲೇಬೇಕು ಅಂತ ಒಂದು ಪುಸ್ತಕ ಕೊಂಡೆ. ಕಂದು ಬಣ್ಣದ ಚರ್ಮದ ರಟ್ಟು, ಸುತ್ತಿ ಕಟ್ಟೋಕೆ ಅದರದ್ದೇ ದಾರ, ಒಳಗೆ ಕೈಯಲ್ಲಿ ತಯಾರಿಸಿದ ದಪ್ಪ ಕಾಗದ. ಆ ಪುಸ್ತಕ ಇವತ್ತಿಗೂ ಬೀರುವಿನಲ್ಲಿದೆ. ಮೊದಲನೇ ಪುಟದಲ್ಲಿ ತಾರೀಕು, ತುಮಕೂರು ಬಿಟ್ಟ ಹೊತ್ತು, ಅಷ್ಟೇ. ಮಿಕ್ಕಿದ್ದೆಲ್ಲ ಖಾಲಿ.

ಸೋಮಾರಿತನ ಅಂತ ಬಹಳ ದಿನ ನನ್ನನ್ನೇ ಬೈದುಕೊಂಡಿದ್ದೆ. ಈಗ ಯೋಚಿಸಿದರೆ ಎಡವಿದ್ದು ಪುಸ್ತಕ ಆರಿಸುವಾಗಲೇ. ರೈಲು ಅಲ್ಲಾಡುವಾಗ ಆ ತರಿತರಿ ಕಾಗದದ ಮೇಲೆ ಬಾಲ್ ಪೆನ್ನು ಓಡಲಿಲ್ಲ. ಇಂಕ್ ಪೆನ್ನಲ್ಲಿ ಬರೆದರೆ ಅಕ್ಷರ ಬೇರು ಬಿಟ್ಟ ಹಾಗೆ ಹರಡಿಕೊಂಡಿತು. ರಟ್ಟು ಮೆತ್ತಗೆ, ತೊಡೆ ಮೇಲಿಟ್ಟರೆ ಬಾಗುತ್ತೆ. ಘಾಟಿನ ಮೆಟ್ಟಿಲ ಮೇಲೆ ಒಂದು ಕೈಯಲ್ಲಿ ಅಮ್ಮನ ತೋಳು, ಇನ್ನೊಂದು ಕೈಯಲ್ಲಿ ಒದ್ದೆ ಬಟ್ಟೆಯ ಚೀಲ. ದಾರ ಬಿಚ್ಚಿ ಪುಸ್ತಕ ತೆರೆಯೋದು ಯಾವಾಗ? ಅದಕ್ಕಿಂತ ಹೆಚ್ಚಾಗಿ, ಅಷ್ಟು ಚೆಂದದ ಹಾಳೆ ಮೇಲೆ "ಬೆಳಿಗ್ಗೆ ಪೂರಿ, ಅಮ್ಮನಿಗೆ ಮಂಡಿ ನೋವು" ಅಂತ ಗೀಚೋಕೆ ಮನಸ್ಸೇ ಬರಲಿಲ್ಲ. ರೂಮಿಗೆ ಹೋಗಿ ನೆಟ್ಟಗೆ ಕೂತು ಬರೆಯೋಣ ಅಂದುಕೊಂಡೆ. ಒಂಬತ್ತು ದಿನವೂ ಅಂದುಕೊಂಡೆ.

ಇದರಿಂದ ಏನು ಕಳೆದುಹೋಯಿತು ಅಂತ ಹೇಳ್ತೀನಿ. ಕಾಶಿಗೆ ಹೋದವರು ತಮಗೆ ಇಷ್ಟವಾದದ್ದೊಂದನ್ನು ಅಲ್ಲೇ ಬಿಟ್ಟು ಬರಬೇಕು ಅನ್ನೋದು ವಾಡಿಕೆ. ಅಮ್ಮ ಹಲಸಿನ ಹಣ್ಣು ಬಿಟ್ಟಳು. ಗುಬ್ಬಿ ಕಡೆ ಹುಟ್ಟಿ ಬೆಳೆದವಳು, ತವರಿನ ಹಿತ್ತಲಲ್ಲೇ ಎರಡು ಹಲಸಿನ ಮರ. ಹಾಗಲಕಾಯಿ ಬಿಡ್ತಾಳೇನೋ ಅಂದುಕೊಂಡಿದ್ದ ನಾನು ದೋಣಿಯಲ್ಲಿ ಕೂತಾಗ "ಯಾಕಮ್ಮಾ ಅದನ್ನೇ?" ಅಂತ ಕೇಳಿದೆ. ಅಮ್ಮ ನೀರಿನ ಕಡೆ ನೋಡುತ್ತಾ ಒಂದು ಮಾತು ಹೇಳಿದಳು. ಅಜ್ಜಿಗೆ ಸಂಬಂಧಪಟ್ಟದ್ದು ಅನ್ನೋದು ಬಿಟ್ಟರೆ ಆ ಮಾತು ನನಗೆ ನೆನಪಿಲ್ಲ. ಹೋದ ವರ್ಷ ಕೇಳಿದೆ, ಅಮ್ಮನಿಗೂ ನೆನಪಿಲ್ಲ. ಆ ದೋಣಿಯಲ್ಲಿ ತೆಗೆದ ನಲವತ್ತು ಫೋಟೋ ನನ್ನ ಮೊಬೈಲಿನಲ್ಲಿವೆ. ಎಲ್ಲದರಲ್ಲೂ ಅಮ್ಮ ಇದ್ದಾಳೆ, ಆ ಮಾತು ಯಾವುದರಲ್ಲೂ ಇಲ್ಲ.

ಊರಿಗೆ ಬಂದಮೇಲೆ ಅಪ್ಪನ ಟ್ರಂಕು ತೆಗೆದಾಗ ಇನ್ನೊಂದು ಪುಸ್ತಕ ಸಿಕ್ಕಿತು. ಅಪ್ಪ ಮಂಡಿಪೇಟೆಯಲ್ಲಿ ಅಂಗಡಿ ಲೆಕ್ಕ ಬರೆಯುತ್ತಿದ್ದವರು. 1986ರಲ್ಲಿ ನಮ್ಮನ್ನೆಲ್ಲ ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿಗೆ ಕರೆದುಕೊಂಡು ಹೋದಾಗ ಜೇಬಿನಲ್ಲಿಟ್ಟುಕೊಂಡಿದ್ದ ಪುಸ್ತಕ ಅದು. ಅಂಗೈಗಿಂತ ತುಸು ಉದ್ದ, ಕೆಂಪು ಬಟ್ಟೆಯ ಗಟ್ಟಿ ರಟ್ಟು, ದಾರದ ಹೊಲಿಗೆ. ಮೊದಲ ಪುಟದ ನೆತ್ತಿಯಲ್ಲಿ "ಶ್ರೀ", ಮೂಲೆಯಲ್ಲಿ ಅರಿಶಿನದ ಬೆರಳಚ್ಚು. ಎಲ್ಲ ಪೆನ್ಸಿಲ್ ಬರಹ. ಎಡಗಡೆ ವಿವರ, ಬಲಗಡೆ ರೂಪಾಯಿ ಪೈಸೆ. ಕಾಫಿ, ಬಾಳೆಹಣ್ಣು, ಆಟೋ, ಹುಂಡಿ. ನಡುವೆ ದುಡ್ಡಿನ ಕಲಂ ಖಾಲಿ ಬಿಟ್ಟು ಒಂದು ಸಾಲು: "ಮಲ್ಪೆ. ಮಗು ಸಮುದ್ರ ಕಂಡು ಅತ್ತಿತು. ಹೆಗಲ ಮೇಲೆ ಹೊತ್ತೆ." ಆ ಮಗು ನಾನು. ಪುಸ್ತಕ ಒಮ್ಮೆ ನೆನೆದು ಒಣಗಿದೆ, ಹಾಳೆಗಳು ಅಲೆಅಲೆಯಾಗಿವೆ. ಪೆನ್ಸಿಲ್ ಆದ್ದರಿಂದ ಒಂದಕ್ಷರವೂ ಕಲಸಿಲ್ಲ.

ಅವತ್ತಿನಿಂದ ನನಗೆ ಒಂದು ವಿಷಯ ಖಚಿತವಾಗಿದೆ. ಎಲ್ಲಿಗೆ, ಯಾರ ಜೊತೆ, ಯಾವ ಭಂಗಿಯಲ್ಲಿ ಕೂತು ಬರೀತೀವಿ ಅನ್ನೋದು ಗೊತ್ತಾಗದೆ ಪುಸ್ತಕ ಕೊಳ್ಳಬಾರದು. ಚೆಂದ ಆಮೇಲೆ ನೋಡೋಣ. ಅಪ್ಪನ ಪುಸ್ತಕ ನಿಂತು ಬರೆಯೋಕೆ ತಕ್ಕದ್ದು, ಟಿಕೆಟ್ ಕೌಂಟರಿನ ಸಾಲಿನಲ್ಲೂ ಬರೆದಿದ್ದಾರೆ. ನನ್ನದು ಮೇಜು ಬೇಡುತ್ತಿತ್ತು. ಯಾತ್ರೆಯಲ್ಲಿ ಮೇಜು ಎಲ್ಲಿಂದ ತರೋದು?

ನಮ್ಮ ಶಾನುಭೋಗರ ಹಳೇ ಕಡತಗಳನ್ನು ನೋಡಿದ್ದೀರಾ? ಈಗ ಕಡತ ಅಂದರೆ ಆಫೀಸಿನ ಫೈಲು. ಆಗ ಅದು ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಕೆ ಮಡಿಕೆಯಾಗಿ ಮಡಚಿದ ಪುಸ್ತಕ. ಬಳಪದಲ್ಲಿ ಬರೆಯೋದು, ಬೇಡವಾದರೆ ಒರೆಸಿ ಮತ್ತೆ ಬರೆಯೋದು. ಮಡಚಿದರೆ ಹರಿಯಲ್ಲ. ಕೆಲಸಕ್ಕೆ ತಕ್ಕ ಹಾಗೆ ಪುಸ್ತಕವನ್ನೇ ಮಾಡಿಕೊಂಡಿದ್ದ ಜನ ನಾವು. 1800-01ರಲ್ಲಿ ಮದರಾಸಿನಿಂದ ಹೊರಟು ಮೈಸೂರು ಸೀಮೆ ಸುತ್ತಿದ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ನಮ್ಮ ಕೋಲಾರ, ಮಧುಗಿರಿ, ಸಿರಾ ಕಡೆಯೂ ಬಂದಿದ್ದ. ದಿನದಿನಕ್ಕೆ ತಾರೀಕು ಹಾಕಿ ಬೆಳೆ, ಕೆರೆ, ಅಳತೆ, ನೇಯ್ಗೆ ಅಂತ ಬರೆದುಕೊಂಡ. ಅದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಏನು ಬರೆಯಬೇಕು ಅನ್ನೋದು ಅವನಿಗೆ ಹೊರಡುವ ಮೊದಲೇ ಗೊತ್ತಿತ್ತು. ನಮಗೂ ಅಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಮಧುಗಿರಿ ಬೆಟ್ಟವನ್ನೇ ತಗೊಳ್ಳಿ. ಒಂದೇ ಬಂಡೆ, ಕೆಲವು ಕಡೆ ಎರಡೂ ಕೈ ಊರಿ ಹತ್ತಬೇಕು. ಅಲ್ಲಿಗೆ ಅಂಗಿ ಜೇಬಿನಲ್ಲಿ ಕೂರುವ ಪುಟ್ಟ ಪುಸ್ತಕ, ಮೋಟು ಪೆನ್ಸಿಲ್. ಜೆಲ್ ಪೆನ್ನಿನ ಬರಹಕ್ಕೆ ಬೆವರು ತಾಕಿದರೆ ಮುಗೀತು. ಬಾಲ್ ಪೆನ್ನಿನದು ಎಣ್ಣೆಯಂಶದ ಇಂಕು, ಸ್ವಲ್ಪ ತಡೆಯುತ್ತೆ. ಸಿರಾ ಹತ್ತಿರದ ಕಗ್ಗಲಡುವಿನಲ್ಲಿ ಹುಣಸೆ ಮರಗಳ ಮೇಲೆ ಗೂಡು ಕಟ್ಟುವ ಕೊಕ್ಕರೆ ನೋಡೋಕೆ ಹೋಗುವವರಿಗೆ ಚೌಕುಳಿ ಹಾಳೆ ಸಾಕು. ಹೊತ್ತು, ಮರ, ಎಣಿಕೆ, ಇಷ್ಟೇ ಬೇಕಾದದ್ದು.

ಆದರೆ ನಂದಿಯ ಭೋಗನಂದೀಶ್ವರಕ್ಕೆ ಹೋಗೋದಾದರೆ ದಯವಿಟ್ಟು ಗೆರೆ ಇಲ್ಲದ ಹಾಳೆ ಒಯ್ಯಿರಿ. ನನಗೆ ಚಿತ್ರ ಬರೆಯೋಕೆ ಬರಲ್ಲ, ಆದರೂ ಅಲ್ಲಿನ ಕಲ್ಯಾಣ ಮಂಟಪದ ಒಂದು ಕಂಬದ ಮುಂದೆ ಮುಕ್ಕಾಲು ಗಂಟೆ ಕೂತು ಗೀಚಿದೆ. ಬರೆಯೋಕೆ ಹೊರಟಾಗಲೇ ಗೊತ್ತಾಗಿದ್ದು, ಬಳ್ಳಿ ಎಲ್ಲಿಂದ ಎದ್ದು ಎಲ್ಲಿ ತಿರುಗುತ್ತೆ, ಹಕ್ಕಿ ಅದರೊಳಗೆ ಹೇಗೆ ಅಡಗಿ ಕೂತಿದೆ ಅಂತ. ಅದಕ್ಕೆ ಮೊದಲು ನಾಲ್ಕು ಸಲ ಹೋಗಿ "ಎಷ್ಟು ಚೆನ್ನಾಗಿದೆ" ಅಂದು ಬಂದಿದ್ದೆ. ಗೆರೆ ಹಾಕಿದ ಹಾಳೆಯಾಗಿದ್ದರೆ ಐದನೇ ಸಲವೂ ಅಷ್ಟನ್ನೇ ಬರೆದು ಬರುತ್ತಿದ್ದೆ.

ಹಾಳೆಯ ದಪ್ಪ ಹೇಳುವಾಗ ಅಂಗಡಿಯವರು ಜಿಎಸ್‌ಎಂ ಅಂತಾರೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ. ದಪ್ಪ ಇದ್ದಷ್ಟೂ ಒಳ್ಳೇದು ಅಂತ ತಗೊಂಡುಬಿಡ್ತೀವಿ, ಹೊರೋದು ನಾವೇ ಅನ್ನೋದು ಮರೆತು. ಎ5 ಅಳತೆಯ, ಅಂದರೆ 148 ಗುಣಿಸು 210 ಮಿಲಿಮೀಟರಿನ, 200 ಪುಟದ ಪುಸ್ತಕ 80 ಜಿಎಸ್‌ಎಂ ಆದರೆ ಹಾಳೆಯೇ ಕಾಲು ಕಿಲೋ. 120 ಆದರೆ ಸುಮಾರು 375 ಗ್ರಾಂ, ರಟ್ಟು ಬೇರೆ. ಬಣ್ಣ ಹಚ್ಚುವವರಿಗೆ ದಪ್ಪ ಬೇಕೇ ಬೇಕು. ಬರೀ ಬರೆಯುವವರಿಗೆ 80 ಧಾರಾಳ. ಕೊಳ್ಳುವ ಮುಂಚೆ ಕೇಳಿಕೊಂಡು, ನಿಮ್ಮದೇ ಪೆನ್ನಿನಲ್ಲಿ ಕೊನೇ ಪುಟದ ಮೇಲೆ ಒಂದು ಸಾಲು ಬರೆದು ಹಿಂದೆ ತಿರುಗಿಸಿ ನೋಡಿ. ಬೇಡ ಅಂದರೆ ಇನ್ನೊಂದು ಅಂಗಡಿ. ನಡುವೆ ತೆರೆದು ಕೈ ಬಿಡಿ, ಮುಚ್ಚಿಕೊಳ್ಳದೆ ಮಲಗಿದರೆ ಹೊಲಿಗೆ ಸರಿ ಇದೆ. ಬರೀ ಗೋಂದು ಹಾಕಿ ಅಂಟಿಸಿದ ಪುಸ್ತಕವನ್ನು ಹಾಗೆ ಬಲವಂತವಾಗಿ ಬಿಡಿಸಿದರೆ ಹಾಳೆ ಕೈಗೆ ಬರುತ್ತೆ.

ಮಕ್ಕಳಿಗೆ ಮಾತ್ರ ಸ್ಪೈರಲ್ ಕೊಡಿಸಿ. ಎಲೆ, ಗರಿ, ಚಾಕಲೇಟ್ ಕಾಗದ ಎಲ್ಲ ಅಂಟಿಸ್ತಾರೆ. ಹೊಲಿಗೆ ಪುಸ್ತಕ ಉಬ್ಬಿ ಬೆನ್ನು ಬಿರಿಯುತ್ತೆ, ಸ್ಪೈರಲ್ ತಡೆದುಕೊಳ್ಳುತ್ತೆ.

ಅಂಟಿಸೋದು ಅಂದಾಗ ಇನ್ನೊಂದು ಸಂಕಟ. ಬಸ್ಸಿನ ಮಷೀನ್ ಟಿಕೆಟ್‌ಗಳನ್ನು ಜೋಪಾನವಾಗಿ ಅಂಟಿಸಿದ್ದೆ. ಈಗ ಬರೀ ಬಿಳಿ ಚೀಟಿಗಳು. ಆ ಮಷೀನಿನಲ್ಲಿ ಇಂಕೇ ಇರಲ್ಲ, ಕಾಗದದ ಮೇಲಿನ ಲೇಪ ಬಿಸಿಗೆ ಕಪ್ಪಾಗುತ್ತೆ ಅಷ್ಟೇ. ಬಿಸಿಲು, ಶಾಖ, ಗೋಂದು ಸೇರಿ ಅದನ್ನು ಅಳಿಸಿಬಿಡ್ತವೆ. ಅಪ್ಪನ ಪುಸ್ತಕದೊಳಗಿನ ತೂತು ಹೊಡೆದ ಬಣ್ಣದ ಟಿಕೆಟ್‌ಗಳು ಮಾತ್ರ ಇನ್ನೂ ಓದೋಕೆ ಬರ್ತವೆ. ಆದ್ದರಿಂದ ಟಿಕೆಟ್ ಅಂಟಿಸಿ, ಪಕ್ಕದಲ್ಲೇ ಎಲ್ಲಿಂದ ಎಲ್ಲಿಗೆ, ಎಷ್ಟು ದುಡ್ಡು ಅಂತ ಕೈಯಲ್ಲಿ ಬರೆಯಿರಿ.

ಇನ್ನು "ಇಂದಿನ ಹವಾಮಾನ", "ಇಂದಿನ ಮೂಡ್", "ಇಷ್ಟವಾದ ಐದು ಜಾಗ" ಅಂತ ಚೌಕ ಹಾಕಿ ಅಚ್ಚು ಮಾಡಿದ ಪ್ರವಾಸ ಡೈರಿಗಳು ಈಗ ಸಿಗ್ತವೆ. ಅವು ನನಗೆ ಖಂಡಿತ ಬೇಡ. ಮಲ್ಪೆಯಲ್ಲಿ ಅಪ್ಪ ಬರೆದ ಆ ಸಾಲು ಅಂಥ ಯಾವ ಚೌಕದಲ್ಲಿ ಕೂರುತ್ತಿತ್ತು?

ಮುಂದಿನ ತಿಂಗಳು ಅಮ್ಮನನ್ನು ಮುಳಬಾಗಿಲ ಕಡೆ ಕರೆದುಕೊಂಡು ಹೋಗ್ತಿದ್ದೀನಿ. ಕುರುಡುಮಲೆ ಗಣಪತಿ, ಆವಣಿ. ಸೀತಮ್ಮ ಲವಕುಶರನ್ನು ಹೆತ್ತ ಜಾಗ ಅಂತ ಆವಣಿ ನೋಡೋ ಆಸೆ ಅಮ್ಮನಿಗೆ ಬಹಳ ದಿನದ್ದು. ಬೆಟ್ಟ ಹತ್ತಲು ಆಗಲ್ಲ, ಕೆಳಗೆ ರಾಮಲಿಂಗೇಶ್ವರನ ಗುಡಿ ಅಂಗಳದಲ್ಲಿ ನಿಧಾನಕ್ಕೆ ಕೂತಿರೋಣ ಅಂತ ಮಾತಾಗಿದೆ. ಮೊನ್ನೆ ಅಶೋಕ ರಸ್ತೆಯ ಅಂಗಡಿಯಲ್ಲಿ ಗಟ್ಟಿ ರಟ್ಟಿನ, ಹೊಲಿಗೆಯ, ಅಗಲ ಗೆರೆಯ ಪುಸ್ತಕ ತಂದೆ. ಬೆನ್ನಿಗೆ ದಾರ ಕಟ್ಟಿ ಪೆನ್ಸಿಲ್ ಇಳಿಬಿಟ್ಟಿದ್ದೀನಿ. ಅಮ್ಮ ಕನ್ನಡಕ ಹಾಕಿಕೊಂಡು ತಿರುವಿ ಹಾಕಿದಳು. "ಗೆರೆ ಅಗಲ ಇದ್ಯಲ್ಲ, ನಂಗೂ ಕೊಡು ಅಲ್ಲಿ, ನಾನೂ ಎರಡು ಸಾಲು ಬರೀತೀನಿ" ಅಂದಳು. ಆಮೇಲೆ ಅದೇ ಪೆನ್ಸಿಲ್ ಹಿಡಿದು ಮೊದಲ ಪುಟದ ಮೇಲ್ಗಡೆ ನಡುಗುವ ಕೈಯಲ್ಲಿ "ಶ್ರೀ" ಬರೆದು ಕೊಟ್ಟಳು.