ಕಟ್ಟೆ ಮೇಲೆ ಕೂತ ಮಕ್ಕಳ ಕೈಗೂ ಬಿಲ್ಲು ಕೊಡೋಣ

ಹಾವೇರಿ ಹತ್ತಿರದ ಒಂದು ಹಳ್ಳಿ ಹೈಸ್ಕೂಲಿನಲ್ಲಿ ನಾನು ಪಿ.ಟಿ. ಮಾಸ್ತರ. ಕಬಡ್ಡಿಗೆ, ಖೋ-ಖೋಗೆ ಟೀಮ್ ಆರಿಸಿದ ಮೇಲೆ ಏಳೆಂಟು ಮಕ್ಕಳು ಪ್ರತಿ ಸಲ ಬೇವಿನ ಕಟ್ಟೆ ಮೇಲೇ ಉಳಿಯುತ್ತಾರೆ. ದಪ್ಪಗಿರುವವರು, ಎರಡು ಸುತ್ತು ಓಡಿದರೆ ದಮ್ಮು ಹತ್ತುವವರು. ಪೀರಿಯಡ್ ಅವರದೂ ಹೌದಲ್ವಾ? ಅವರ ಸಲುವಾಗಿಯೇ ಶಾಲೆಗೆ ಬಿಲ್ಲುಗಾರಿಕೆ ಬರಲಿ ಅನ್ನುತ್ತಿದ್ದೇನೆ.

ಹೋದ ವರ್ಷ ತರಬೇತಿ ಪಡೆದ ಗೆಳೆಯರೊಬ್ಬರು ಎರಡು ಹಗುರ ಬಿಲ್ಲು ತಂದು ಒಂದು ವಾರ ಕಲಿಸಿದರು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು, ಸದಾ ಕಟ್ಟೆಯವಳೇ. ಹೆದೆ ಎಳೆದ ಕೈ ಪ್ರತಿ ಸಲ ಗದ್ದದ ಕೆಳಗೆ ಅದೇ ಜಾಗಕ್ಕೆ ಬಂದು ನಿಲ್ಲಬೇಕು. ಮೂರು ಬಾಣ ಹುಲ್ಲಿಗೆ ಬಿದ್ದವು. ನಾಲ್ಕನೆಯದು ಗುರಿಯ ನೀಲಿ ಸುತ್ತಿನಲ್ಲಿ ನಾಟಿತು. ಖುಷಿಗೆ ಅವಳ ಕಾಲು ಬಾಣ ಬಿಡುವ ಗೆರೆ ದಾಟಲು ಹೊರಟಿತ್ತು. ತಾನೇ ಹಿಂದಕ್ಕೆ ತೆಗೆದುಕೊಂಡಳು. ಬಾಣ ಕೀಳಲು ಹೋಗಿ ಅನ್ನುವ ಮೂರು ಸೀಟಿ ಇನ್ನೂ ಆಗಿರಲಿಲ್ಲ.

"ಮಕ್ಕಳ ಕೈಗೆ ಬಾಣ ಕೊಡ್ತೀರೇನ್ರೀ ಸರ್?" ಎಂದು ಪಾಲಕರು ಕೇಳುತ್ತಾರೆ. ಹೆದರಿಕೆ ಸಹಜ. ಆದರೆ ಇಲ್ಲಿ ಎಲ್ಲಾ ನಡೆಯುವುದು ಸೀಟಿ ಮೇಲೆ. ಎರಡು ಸೀಟಿಗೆ ಗೆರೆಗೆ ಬರಬೇಕು, ಒಂದಕ್ಕೆ ಬಾಣ ಬಿಡಬೇಕು, ಮೂರಕ್ಕೆ ಎಲ್ಲರೂ ಒಟ್ಟಿಗೆ ನಡೆದು ಹೋಗಿ ಬಾಣ ಕೀಳಬೇಕು. ಓಡುವಂತಿಲ್ಲ. ಕೀಳುವವರ ಹಿಂದೆ ಯಾರೂ ನಿಲ್ಲುವಂತಿಲ್ಲ. ಬಾಣವಿಲ್ಲದೆ ಸುಮ್ನೆ ಹೆದೆ ಎಳೆದು ಬಿಡುವಂತೆಯೂ ಇಲ್ಲ, ಬಿಲ್ಲು ಮುರಿದೀತು. ಕ್ಲಾಸಿನಲ್ಲಿ ಹತ್ತು ಸಲ ಹೇಳಿದರೂ ಕೂರದ ಹುಡುಗರು ಇಲ್ಲಿ ತಮ್ಮ ಸರದಿಗೆ ಕಾದು ನಿಂತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಒಲಿಂಪಿಕ್ಸಿನಲ್ಲಿ ಗುರಿ 70 ಮೀಟರ್ ದೂರ, ನಡುವಿನ ಹತ್ತು ಅಂಕದ ಸುತ್ತು ಬರೀ 12.2 ಸೆಂಟಿಮೀಟರ್ ಅಗಲ. ನಮಗೆ ಅಷ್ಟೆಲ್ಲ ಬೇಡ, ಎಂಟು-ಹತ್ತು ಮೀಟರ್ ಸಾಕು. ಎರಡೂ ಕೈ ಇಲ್ಲದ ಶೀತಲ್ ದೇವಿ ಕಾಲಿನಲ್ಲಿ ಬಿಲ್ಲು ಹಿಡಿದು, ಭುಜದಿಂದ ಹೆದೆ ಎಳೆದು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ರಾಕೇಶ್ ಕುಮಾರ್ ಜೊತೆ ಕಂಚು ಗೆದ್ದಳು. ಆ ವಿಡಿಯೋ ತೋರಿಸಿದಾಗ ಪೋಲಿಯೋ ಕಾಲಿನ ನಮ್ಮ ಜವಾನರು ಬಾಗಿಲಲ್ಲೇ ನಿಂತು ಪೂರ್ತಿ ನೋಡಿದರು.

ಈ ಸಲ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಿನಲ್ಲಿ ಕೇಳುತ್ತೇನೆ. ನಾಲ್ಕು ಹಗುರ ಬಿಲ್ಲು, ಮುಂಗೈ ಪಟ್ಟಿ, ನನಗೊಂದು ಸರಿಯಾದ ತರಬೇತಿ. ಗುರಿಯ ಹಿಂದಿನ ಮಣ್ಣಿನ ದಿಬ್ಬ ನಾವೇ ಹಾಕಿಕೊಳ್ಳುತ್ತೇವೆ. ಹಳೆ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ, ಮೀಟಿಂಗಿಗೆ ನೀವೂ ಬನ್ನಿ.