ಸಂಬಳ, ಗಿಂಬಳ ಮತ್ತು ಇಂಬಳ

ನಮ್ಮ ಕಡೆ ಮನೆಗೆ ಯಾರಾದರೂ ಬಂದರೆ ಮೊದಲು ಕಾಲಿಗೆ ನೀರು. ಆಮೇಲೆ "ಆಸರಿಗೆ ಏನು?" ಅಂತ ಕೇಳುತ್ತೇವೆ. ಮಜ್ಜಿಗೆಯೋ, ಕಷಾಯವೋ, ಮಳೆ ಹೊಡೆಯುತ್ತಿದ್ದರೆ ಬಿಸಿ ಕಾಫಿಯೋ. ಊಟದ ಹೊತ್ತಿಗೆ ಬಂದವರನ್ನು ಉಣ್ಣಿಸದೆ ಕಳಿಸಿದರೆ ಅಜ್ಜಿ ಮೂರು ದಿನ ಮಾತು ಬಿಡುತ್ತಾರೆ. ಮಲೆನಾಡಿನಲ್ಲಿ ಅತಿಥಿ ಅಂದರೆ ಅಷ್ಟು ದೊಡ್ಡ ಮಾತು.

ಇದು ಸರ್ಕಾರಕ್ಕೂ ಗೊತ್ತಾಗಿಬಿಟ್ಟಿದೆ. ಅದಕ್ಕೇ ಅದು ಶಾಲೆಗೆ ಮೇಷ್ಟ್ರನ್ನು ನೇಮಿಸುವುದು ಬಿಟ್ಟು ಅತಿಥಿಗಳನ್ನು ಕರೆಯುತ್ತಿದೆ.

ನಮ್ಮೂರ ಶಾಲೆಗೆ ಅತಿಥಿ ಶಿಕ್ಷಕಿ ಬಂದು ಒಂಬತ್ತು ವರ್ಷವಾಯಿತು. ಒಂಬತ್ತು ವರ್ಷ ಒಂದೇ ಮನೆಯಲ್ಲಿ ಇದ್ದವರನ್ನು ಯಾರಾದರೂ ನೆಂಟರು ಅಂತಾರಾ? ಅಷ್ಟು ದಿನ ಇದ್ದ ಅಳಿಯನಿಗೆ ಮಾವ ಒಂದಿಷ್ಟು ತೋಟ ಬರೆದುಕೊಡುತ್ತಾನೆ, ಇಲ್ಲವೇ ಬೈದು ಓಡಿಸುತ್ತಾನೆ. ಸರ್ಕಾರ ಎರಡೂ ಮಾಡುವುದಿಲ್ಲ. ಪ್ರತಿ ಜೂನ್‌ನಲ್ಲಿ ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತದೆ. ತಾವು ಯಾರು? ಅರ್ಜಿ ತಂದಿದ್ದೀರಾ? ಅಂಕಪಟ್ಟಿಯ ಜೆರಾಕ್ಸ್ ಎಲ್ಲಿ? ಮಾರ್ಚ್ ಮುಗಿದ ಕೂಡಲೇ ಹೋಗಿ ಬನ್ನಿ. ಏಪ್ರಿಲ್, ಮೇ ಎರಡು ತಿಂಗಳು ಟೀಚರ್‌ಗೆ ಹಸಿವಾಗುವುದಿಲ್ಲ ಎಂದು ಮೇಲಿನವರು ಹೇಗೋ ಕಂಡುಹಿಡಿದಿದ್ದಾರೆ.

ತಿಥಿ ನೋಡದೆ ಬರುವವನೇ ಅತಿಥಿ ಅಂತ ನಮ್ಮೂರ ಭಟ್ಟರು ಹೇಳುತ್ತಾರೆ. ಇಲ್ಲಿ ಟೀಚರ್ ದಿನಾ ಒಂಬತ್ತೂವರೆಗೆ ಸರಿಯಾಗಿ ಬರುತ್ತಾರೆ. ತಿಥಿ ನೋಡದೆ ಬರುವುದು ಅವರ ದುಡ್ಡು. ಜೂನ್ ತಿಂಗಳದ್ದು ನವರಾತ್ರಿಗೆ ಬಂತು. ಜುಲೈಯದ್ದು ದೀಪಾವಳಿಗೆ. ಹೀಗೇ ಹಬ್ಬಕ್ಕೊಂದು ತಿಂಗಳು ಅಂತ ಹೋದರೆ ಮಾರ್ಚ್‌ನದ್ದು ಯಾವ ಹಬ್ಬಕ್ಕೆ ಬರುತ್ತದೋ! ತಿಥಿಗೆ ಬಂದರೂ ಬರಬಹುದು, ಯಾರದ್ದು ಅಂತ ಕೇಳಬೇಡಿ.

ಅದಕ್ಕೆ ಸಂಬಳ ಅನ್ನುವಂತೆಯೂ ಇಲ್ಲ. ಗೌರವಧನ ಅನ್ನಬೇಕು. 2025ರ ಬಜೆಟ್‌ನಲ್ಲಿ ಈ ಗೌರವವನ್ನು 2,000 ರೂಪಾಯಿ ಏರಿಸಿದರು. ಪ್ರಾಥಮಿಕ ಶಾಲೆಯವರಿಗೆ 10,000 ಇದ್ದದ್ದು 12,000 ಆಯಿತು. ಪ್ರೌಢಶಾಲೆಯವರಿಗೆ 10,500 ಇದ್ದದ್ದು 12,500. ತಿಂಗಳಿಗೆ ಮೂವತ್ತು ದಿನ ಅಂತ ಹಿಡಿದರೆ ನಮ್ಮ ಟೀಚರ್‌ಗೆ ದಿನಕ್ಕೆ 400 ರೂಪಾಯಿ ಗೌರವ. ಅದೇ ವರ್ಷ ನಮ್ಮ ರಾಜ್ಯದಲ್ಲಿ ನರೇಗಾ ಕೂಲಿ ದಿನಕ್ಕೆ 370. ಪಿಯುಸಿ ಮುಗಿಸಿ, ಎರಡು ವರ್ಷ ಡಿ.ಎಡ್. ಮಾಡಿ, ಶಿಶು ಮನೋವಿಜ್ಞಾನ ಬಾಯಿಪಾಠ ಮಾಡಿದ್ದಕ್ಕೆ ಗುದ್ದಲಿಗಿಂತ 30 ರೂಪಾಯಿ ಜಾಸ್ತಿ. ಆ 30 ರೂಪಾಯಿಯ ಬೆಲೆ ಎಷ್ಟು ಅಂತ ಆಮೇಲೆ ಹೇಳುತ್ತೇನೆ. ಅದಕ್ಕೆ ಮೊಟ್ಟೆ ಬೇಕು.

ಈಗ ನನ್ನ ತೋಟದ ವಿಷಯ. ಅಡಿಕೆ ಕೊಯ್ಲಿಗೆ ಕೊನೆಗಾರರನ್ನು ಕರೆಯಬೇಕೆಂದರೆ ತಿಂಗಳ ಮುಂಚೆಯೇ ಅವರ ಮನೆಗೆ ಹೋಗಿ ಜಗಲಿಯಲ್ಲಿ ಕೂರಬೇಕು. ಎಲೆಯಡಿಕೆ ಹಾಕಬೇಕು. ಅವರ ಮಗಳ ಮದುವೆ ವಿಚಾರಿಸಬೇಕು. ದಿನಕ್ಕೆ ಸಾವಿರಕ್ಕಿಂತ ಕೆಳಗೆ ಮಾತೇ ಇಲ್ಲ. ಬೆಳಿಗ್ಗೆ ತಿಂಡಿ, ನಡುವೆ ಕಾಫಿ, ಮಧ್ಯಾಹ್ನ ಊಟ. ದುಡ್ಡು ಅದೇ ಸಂಜೆ, ಎಣಿಸಿ, ಕೈಗೆ. ಅವರು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಮರದಿಂದ ಬಿದ್ದರೆ ಸೊಂಟ ಮುರಿಯುತ್ತದೆ. ಟೀಚರ್‌ಗೆ ಆ ಭಯವಿಲ್ಲ, ಅವರು ಮೊದಲಿಂದಲೂ ನೆಲದ ಮೇಲೇ ಇದ್ದಾರೆ.

ಅಂದಹಾಗೆ ಕೊನೆಗಾರರಿಗೆ ನಾವು 'ಅತಿಥಿ ಕೊನೆಗಾರ' ಅಂತ ಹೆಸರಿಟ್ಟು ನೋಡಬೇಕು ಅಂತ ನನಗೊಮ್ಮೆ ಅನ್ನಿಸಿತ್ತು. ದುಡ್ಡು ಶಿವರಾತ್ರಿಗೆ ಕೊಡ್ತೀವಿ, ಅಲ್ಲಿಯವರೆಗೆ ಗೌರವ ಇಟ್ಕೊಳ್ಳಿ ಅಂತ. ಹೆಂಡತಿ ತಡೆದಳು. ಅಡಿಕೆ ಮರದಲ್ಲೇ ಹಣ್ಣಾಗಿ ಉದುರುತ್ತದೆ, ಸುಮ್ನಿರಿ ಅಂದಳು. ಅಡಿಕೆ ಉದುರಿದರೆ ಶಬ್ದವಾದರೂ ಬರುತ್ತದೆ.

ಸರಿ, ಟೀಚರ್ ಅತಿಥಿ. ಹಾಗಾದರೆ ಮನೆಯ ಯಜಮಾನ ಯಾರು? ಒಬ್ಬರಿದ್ದಾರೆ, ಕಾಯಂ ಮೇಷ್ಟ್ರು. ವಿಜಯಪುರ ಕಡೆಯವರು. ಅವರೇ ಮುಖ್ಯ ಶಿಕ್ಷಕ, ಅವರೇ ಗುಮಾಸ್ತ, ಅವರೇ ಗಂಟೆ ಹೊಡೆಯುವವರು. ವರ್ಗಾವಣೆಯ ಭಾಷೆಯಲ್ಲಿ ಪೇಟೆ ಎ ವಲಯ, ನಮ್ಮಂಥ ಮೂಲೆ ಸಿ ವಲಯ. ಊರಿಗೆ ಹೋಗಲು ಕೌನ್ಸೆಲಿಂಗ್‌ಗೆ ಎಷ್ಟೋ ವರ್ಷದಿಂದ ಕಾಯುತ್ತಿದ್ದಾರೆ. ಬಂದ ಹೊಸದರಲ್ಲಿ ಮಳೆ ನೋಡಿ "ಇದು ಯಾವಾಗ ನಿಲ್ತದ್ರೀ?" ಅಂತ ಕೇಳಿದ್ದರು. ದೀಪಾವಳಿಗೆ ಅಂದೆವು. ತಮಾಷೆ ಅಂದುಕೊಂಡರು ಪಾಪ.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು ಅನ್ನುತ್ತದೆ ಅದು. ನಮ್ಮಲ್ಲಿ ಐದು ತರಗತಿ, 23 ಮಕ್ಕಳು, ಇಬ್ಬರು ಶಿಕ್ಷಕರು. ಲೆಕ್ಕ ಸರಿಯಾಗಿದೆ. ಆ ಇಬ್ಬರಲ್ಲಿ ಒಬ್ಬರು ಅತಿಥಿ, ಇನ್ನೊಬ್ಬರು ಮೊಟ್ಟೆ ತರಲು ಹೋಗಿದ್ದಾರೆ.

ಮೊಟ್ಟೆಯ ಬಗ್ಗೆ ನನ್ನ ತಕರಾರಿಲ್ಲ. ಮಕ್ಕಳು ತಿನ್ನಲಿ, ಬೆಳೆಯಲಿ. ಆದರೆ ಆ ಮೊಟ್ಟೆಯ ಲೆಕ್ಕ ಇದೆಯಲ್ಲ, ಅದನ್ನು ಬರೆದವರಿಗೆ ಕೈ ಮುಗಿಯಬೇಕು. ಒಂದು ಮೊಟ್ಟೆಗೆ 6 ರೂಪಾಯಿ. ಅದರಲ್ಲಿ ಕೊಳ್ಳುವುದಕ್ಕೆ 5 ರೂಪಾಯಿ 20 ಪೈಸೆ. ಬೇಯಿಸುವ ಇಂಧನಕ್ಕೆ 50 ಪೈಸೆ. ಸಿಪ್ಪೆ ಸುಲಿಯುವುದಕ್ಕೆ 30 ಪೈಸೆ. ನಮ್ಮೂರ ಅಂಗಡಿಯಲ್ಲಿ ಮೊಟ್ಟೆ 7 ರೂಪಾಯಿ. ಕೋಳಿಗಳಿಗೆ ಸುತ್ತೋಲೆ ತಲುಪಿಲ್ಲ ಅಂತ ಕಾಣುತ್ತದೆ. ಮೇಲಿನದ್ದು ಮೇಷ್ಟ್ರ ಜೇಬಿನಿಂದ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಅದಕ್ಕೆ ಸಿಪ್ಪೆ ಸುಲಿಯುವ ಕೂಲಿ ಇಲ್ಲ, ಮಕ್ಕಳೇ ಸುಲಿದುಕೊಳ್ಳುತ್ತಾರೆ.

ಈಗ ಆ 30 ರೂಪಾಯಿಗೆ ಬರೋಣ. ನೂರು ಮೊಟ್ಟೆ ಸುಲಿದರೆ 30 ರೂಪಾಯಿ. ಗುದ್ದಲಿ ಕೂಲಿಗೂ ಟೀಚರ್ ಗೌರವಕ್ಕೂ ನಡುವೆ ಇರುವುದು ದಿನಕ್ಕೆ ನೂರು ಮೊಟ್ಟೆಯ ಸಿಪ್ಪೆ. ಐದನೇ ಕ್ಲಾಸಿನ ಹುಡುಗನಿಗೆ ಲೆಕ್ಕ ಕೊಟ್ಟರೆ ಮಾಡಿಬಿಡುತ್ತಾನೆ. ಕೊಡಲು ಮೇಷ್ಟ್ರಿಗೆ ಪುರುಸೊತ್ತಿಲ್ಲ. ಹಾಲಿನ ಪುಡಿ ಕಲಸಬೇಕು, ರಾಗಿ ಮಾಲ್ಟ್ ಕಾಯಿಸಿದ್ದನ್ನು ನೋಡಬೇಕು, ಶೂ ಅಳತೆ ತೆಗೆಯಬೇಕು, ಇವೆಲ್ಲವನ್ನೂ ಮಾಡಿದ ಫೋಟೊವನ್ನು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಕು. ನೆಟ್‌ವರ್ಕ್ ಸಿಗುವುದು ಶಾಲೆಯ ಹಿಂದಿನ ಗುಡ್ಡದ ಮೇಲೆ. ಮಕ್ಕಳು ಆ ಗುಡ್ಡಕ್ಕೆ 'ಸರ್ ಗುಡ್ಡ' ಅಂತಲೇ ಹೆಸರಿಟ್ಟಿದ್ದಾರೆ.

ಕಾಯ್ದೆಯ 27ನೇ ಕಲಂ ಬಲು ಚೆನ್ನಾಗಿದೆ. ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ, ಈ ಮೂರು ಬಿಟ್ಟು ಶೈಕ್ಷಣಿಕವಲ್ಲದ ಯಾವ ಕೆಲಸಕ್ಕೂ ಶಿಕ್ಷಕರನ್ನು ಹಚ್ಚುವಂತಿಲ್ಲ. ಹಾಗಂತ 2025ರ ಸೆಪ್ಟೆಂಬರ್ 22ರಿಂದ ಮನೆಮನೆ ಸಮೀಕ್ಷೆಗೆ ಮೇಷ್ಟ್ರುಗಳನ್ನು ಕಳಿಸಿದಾಗ ಯಾರಾದರೂ ಕಾನೂನು ಮಾತಾಡಿದರೆ ಅವರು ದಡ್ಡರು. ಅದರ ಹೆಸರು ಓದಿ: ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ. ಹೆಸರಿನಲ್ಲೇ ಶೈಕ್ಷಣಿಕ ಇದೆ, ಅಲ್ವಾ? ನಾಳೆ 'ಶೈಕ್ಷಣಿಕ ಕಾಡುಹಂದಿ ಗಣತಿ' ಅಂತ ಬಂದರೂ ಮೇಷ್ಟ್ರು ಹೋಗಬೇಕಾದೀತು. ಸಮೀಕ್ಷೆ ಮುಗಿಯದೆ ಶಾಲೆಯ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ನಮ್ಮಲ್ಲಿ ಜುಲೈ ತಿಂಗಳ ಅರ್ಧ ಮಳೆ ರಜೆಯಲ್ಲೇ ಕಳೆದಿತ್ತು. ಮಕ್ಕಳಿಗೆ ಶಾಲೆ ಅನ್ನುವುದು ಎರಡು ರಜೆಗಳ ನಡುವೆ ಬರುವ ಹಬ್ಬದಂತಾಗಿದೆ.

ಹಾಗೆ ನೋಡಿದರೆ ಮಲೆನಾಡಿಗೆ ಶಿಕ್ಷಣ ಸಚಿವರ ಕೊರತೆ ಆಗಿದ್ದೇ ಕಮ್ಮಿ. ತೀರ್ಥಹಳ್ಳಿಯ ಕಿಮ್ಮನೆ ರತ್ನಾಕರ ಆ ಖಾತೆಯಲ್ಲಿದ್ದರು. 2023ರಲ್ಲಿ ಅದು ಸೊರಬದ ಮಧು ಬಂಗಾರಪ್ಪ ಅವರ ಕೈಗೆ ಬಂತು. ಅವರಿಗಿಂತ ಮೊದಲು, 1990ರ ದಶಕದಲ್ಲಿ, ಶೃಂಗೇರಿ ಕ್ಷೇತ್ರದ ಎಚ್.ಜಿ. ಗೋವಿಂದೇಗೌಡರು. ಅವರ ಕಾಲದಲ್ಲಿ ಲಕ್ಷದಷ್ಟು ಶಿಕ್ಷಕರನ್ನು ಅಂಕ ನೋಡಿ ತೆಗೆದುಕೊಂಡರು, ಯಾರ ಜೇಬಿಗೂ ಕೈ ಹಾಕದೆ. ನಮ್ಮ ಕಡೆ ಈಗಲೂ "ಗೋವಿಂದೇಗೌಡ್ರ ಕಾಲದಲ್ಲಿ ಆರ್ಡರ್ ಆದವ್ರು" ಅಂತ ಒಂದು ತಲೆಮಾರನ್ನೇ ಗುರುತಿಸುತ್ತಾರೆ. ಆ ತಲೆಮಾರಿಗೆ ಈಗ ಅರವತ್ತು ತುಂಬುತ್ತಿದೆ. ಶಾಲು, ಹಾರ, ಹಣ್ಣಿನ ಬುಟ್ಟಿ ತೆಗೆದುಕೊಂಡು ಒಬ್ಬೊಬ್ಬರಾಗಿ ಮನೆಗೆ ಹೋಗುತ್ತಿದ್ದಾರೆ. ಖಾಲಿಯಾದ ಕುರ್ಚಿಗೆ ಒಬ್ಬೊಬ್ಬ ಅತಿಥಿ.

ನೇಮಕಾತಿ ನಡೆಯುವುದೇ ಇಲ್ಲ ಅಂದರೆ ಪಾಪ ಬರುತ್ತದೆ. 2022ರಲ್ಲಿ 15,000 ಪದವೀಧರ ಶಿಕ್ಷಕರ ಹುದ್ದೆಗೆ ಪರೀಕ್ಷೆ ಆಯಿತು. ಆಮೇಲೆ ಒಂದು ಘನವಾದ ಪ್ರಶ್ನೆ ಎದ್ದಿತು. ಮದುವೆಯಾದ ಹೆಣ್ಣುಮಗಳು ಜಾತಿ, ಆದಾಯದ ಪ್ರಮಾಣಪತ್ರ ಕೊಡಬೇಕಾದ್ದು ಅಪ್ಪನ ಹೆಸರಿನದ್ದೋ ಗಂಡನ ಹೆಸರಿನದ್ದೋ? ವಿಷಯ ಹೈಕೋರ್ಟ್ ಮೆಟ್ಟಿಲು ಹತ್ತಿತು. ಆಯ್ಕೆಯಾದವರು ಆದೇಶಕ್ಕಾಗಿ ಕಾದು ಕೂತರು. ಮಕ್ಕಳು ಅಷ್ಟರಲ್ಲಿ ಆರರಿಂದ ಏಳಕ್ಕೆ ಹೋದರು. ಗಣಿತದ ಟೀಚರ್ ಯಾರ ಮಗಳು, ಯಾರ ಹೆಂಡತಿ ಅನ್ನುವುದು ತೀರ್ಮಾನವಾಗದೆ ಭಿನ್ನರಾಶಿ ಹೇಳಿಕೊಡಲು ಆಗುತ್ತದಾ?

ಕಾಯುವುದು ನಮಗೆ ಹೊಸದಲ್ಲ ಬಿಡಿ. ಲಿಂಗನಮಕ್ಕಿ ಕಟ್ಟಿದ ಮೇಲೆ ಶರಾವತಿ ಹಿನ್ನೀರಿನ ಆಚೆಯ ಜನ ಸೇತುವೆಗಾಗಿ ಆರು ದಶಕ ಕಾದರು. ಲಾಂಚಿನಲ್ಲೇ ಬಸುರಿ, ಬಾಣಂತಿ, ಹೆಣ ಎಲ್ಲ ದಾಟಿದವು. 2025ರ ಜುಲೈ 14ರಂದು ಸಿಗಂದೂರು ಸೇತುವೆ ಉದ್ಘಾಟನೆಯಾಯಿತು, ಎರಡು ಕಿಲೋಮೀಟರಿಗೂ ಉದ್ದ. ನಮ್ಮೂರ ಹಿರಿಯರೊಬ್ಬರು ಪೇಪರ್ ಓದಿ ಹೇಳಿದರು: "ಸೇತುವೆನೇ ಬಂತು. ಮೇಷ್ಟ್ರು ಎಲ್ಲಿ ಹೋಗ್ತಾರೆ, ಬರ್ತಾರೆ."

ಮೇಷ್ಟ್ರು ಬರುವ ಮೊದಲು ಬಂದದ್ದು ಹಳದಿ ವ್ಯಾನು. ಸರ್ಕಾರಿ ಬಸ್ಸು ಹತ್ತದ ನಮ್ಮ ಏರನ್ನು ಪೇಟೆಯ ಖಾಸಗಿ ಶಾಲೆಯ ಆ ವ್ಯಾನು ದಿನಾ ಬೆಳಿಗ್ಗೆ ಕೊಯ್ ಅನ್ನುತ್ತಾ ಹತ್ತುತ್ತದೆ. ಟೈ ಕಟ್ಟಿಕೊಂಡ ಮಕ್ಕಳು ಏಳು ಗಂಟೆಗೇ ತೂಕಡಿಸುತ್ತಾ ಹೋಗುತ್ತವೆ. ಆಮೇಲೆ ಕಡತದಲ್ಲಿ ಒಂದು ಸಾಲು: ಮಕ್ಕಳ ಸಂಖ್ಯೆ ಕಡಿಮೆ ಇರುವುದರಿಂದ ಹೆಚ್ಚಿನ ಶಿಕ್ಷಕರ ಅಗತ್ಯವಿಲ್ಲ. ಮಕ್ಕಳು ಯಾಕೆ ಹೋದರು ಅಂತ ಕೇಳಿದರೆ ಶಿಕ್ಷಕರಿಲ್ಲ ಅಂತ. ಶಿಕ್ಷಕರು ಯಾಕಿಲ್ಲ ಅಂದರೆ ಮಕ್ಕಳಿಲ್ಲ ಅಂತ. ಗಾಣದ ಎತ್ತಿಗೂ ಇದನ್ನು ಸುತ್ತಿದರೆ ತಲೆ ತಿರುಗೀತು.

ಸರ್ಕಾರಿ ಕೆಲಸಕ್ಕೆ ಎರಡು ಕಾಲು ಅಂತಾರೆ, ಸಂಬಳ ಮತ್ತು ಗಿಂಬಳ. ನಮ್ಮ ಟೀಚರ್‌ಗೆ ಸಂಬಳ ಅನ್ನುವ ಹಾಗಿಲ್ಲ. ಗಿಂಬಳಕ್ಕೆ ಎರಡನೇ ಕ್ಲಾಸಿನ ಹುಡುಗ ಚಡ್ಡಿ ಜೇಬಿನಿಂದ ತೆಗೆದುಕೊಡುವ ನೆಲ್ಲಿಕಾಯಿ, ಅದೂ ಅರ್ಧ ಕಚ್ಚಿದ್ದು. ಉಳಿದದ್ದು ಇಂಬಳ, ಅಂದರೆ ಮಳೆಗಾಲದಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಜಿಗಣೆ. ಕಾಲುಸಂಕ ದಾಟಿ, ಗದ್ದೆಯಂಚಿನ ಮೇಲೆ ಎರಡು ಮೈಲಿ ನಡೆದು ಶಾಲೆ ಮುಟ್ಟುವಷ್ಟರಲ್ಲಿ ಕಾಲಿಗೆ ನಾಲ್ಕಾರು ಹತ್ತಿರುತ್ತವೆ. ಒಂದು ವಿಷಯದಲ್ಲಿ ಇಂಬಳವನ್ನು ಮೆಚ್ಚಬೇಕು. ಅದು ತಡ ಮಾಡುವುದಿಲ್ಲ. ಅನುದಾನ ಬಿಡುಗಡೆಯಾಗಿಲ್ಲ, ಖಜಾನೆಯ ಸರ್ವರ್ ಡೌನ್ ಅನ್ನುವುದಿಲ್ಲ. ಜೂನ್‌ನಲ್ಲಿ ಬರಬೇಕಾದ್ದು ಜೂನ್‌ನಲ್ಲೇ ಬರುತ್ತದೆ.

ಅಕ್ಟೋಬರ್‌ನಲ್ಲಿ ಸಮೀಕ್ಷೆಗೆಂದು ಮೇಷ್ಟ್ರು ಟೀಚರ್ ಮನೆಗೇ ಹೋಗಬೇಕಾಯಿತು. ದಾರಿ ತೋರಿಸಲು ನಾನೂ ಹೋಗಿದ್ದೆ. ಸಮೀಕ್ಷೆಗೆಂದು ಕರೆಂಟ್ ಮೀಟರ್ ಪಕ್ಕ ಅಂಟಿಸಿದ್ದ ಸ್ಟಿಕರ್ ಮಳೆಗೆ ಅರ್ಧ ಕಿತ್ತು ಬಂದಿತ್ತು. ಟೀಚರ್ ಅಮ್ಮ ಕಾಲಿಗೆ ನೀರು ಕೊಟ್ಟು "ಆಸರಿಗೆ ಏನು ಮಾಡ್ಲಿ ಮೇಷ್ಟ್ರೇ?" ಅಂದರು. ಮೇಷ್ಟ್ರು ಮೊಬೈಲ್ ತೆಗೆದರು. 60 ಪ್ರಶ್ನೆ. ಒಟಿಪಿಗಾಗಿ ಟೀಚರ್ ಅಂಗಳದ ಕಟ್ಟೆ ಹತ್ತಿ ಫೋನ್ ಎತ್ತಿ ಹಿಡಿದು ನಿಂತರು. ಅದು ಬಂತು. ಹೆಸರು, ವಯಸ್ಸು, ಜಾತಿ ಎಲ್ಲ ಆಯಿತು. ಉದ್ಯೋಗದ ಹತ್ತಿರ ಬಂದು ಮೇಷ್ಟ್ರು ನಿಂತರು.

"ಏನ್ ಬರೀಲ್ರೀ ಮೇಡಂ?"

"ಶಿಕ್ಷಕಿ ಅಂತ ಬರೀರಿ ಸರ್."

"ಸರ್ಕಾರಿ ನೌಕರರಾ ಅಂತ ಕೇಳ್ತದ."

"ಅಲ್ಲ."

"ಖಾಸಗಿ?"

"ಅದೂ ಅಲ್ಲ."

"ದಿನಗೂಲಿ?"

ಟೀಚರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕೂಲಿಯವರಿಗೆ ವಾರಕ್ಕೊಮ್ಮೆ ಬಟವಾಡೆ ಆಗುತ್ತೆ ಸರ್" ಅಂದರು.

ಮೇಷ್ಟ್ರ ಬೆರಳು ಸ್ಕ್ರೀನಿನ ಮೇಲೆ ಹಾಗೇ ನಿಂತಿತ್ತು. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಆ್ಯಪ್ ಮುಚ್ಚಿಕೊಂಡಿತು. ಮತ್ತೆ ಮೊದಲಿಂದ, ಹೆಸರಿನಿಂದ. ಒಳಗಿಂದ ಕಷಾಯ ಬಂತು, ಜೊತೆಗೆ ಎರಡು ಕೋಡುಬಳೆ.

"ಸರ್, ಕಾಲಲ್ಲಿ ಇಂಬಳ" ಅಂದರು ಟೀಚರ್.

ಮೇಷ್ಟ್ರು ಬಗ್ಗಿ ನೋಡಿದರು. ಬಿಳಿ ಕಾಲುಚೀಲದ ಅಂಚು ಕೆಂಪಾಗಿತ್ತು. ಬಂದ ಹೊಸದರಲ್ಲಾಗಿದ್ದರೆ ಕೂಗಿ ಅಂಗಳ ಹಾರುತ್ತಿದ್ದರು. ಈಗ ಕಷಾಯದ ಲೋಟ ಎತ್ತಿಕೊಂಡರು.

"ಇರ್ಲಿ ಬಿಡ್ರಿ" ಅಂದರು. "ಹೊಟ್ಟಿ ತುಂಬಿದ್ರ ತಾನೇ ಬಿಡ್ತದ ಅದು."