ಜೀಪಿನಲ್ಲಿ ಎದ್ದು ನಿಲ್ಲಬಾರದು

ಕಳೆದ ತಿಂಗಳು ನಾನು ಕಾಪುವಿನಲ್ಲಿ ಇಳಿಯುವ ಬದಲು ಕಟಪಾಡಿಯಲ್ಲಿ ಇಳಿದೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್‌ನಲ್ಲಿ ಎಕ್ಸ್‌ಪ್ರೆಸ್ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಸಿಕ್ಕ ಖುಷಿಯಲ್ಲಿ ಪುಸ್ತಕ ತೆರೆದವಳಿಗೆ ಪಣಂಬೂರು, ಸುರತ್ಕಲ್, ಮೂಲ್ಕಿ ಒಂದೂ ಕಾಣಲಿಲ್ಲ. ಹೊರಗೆ ಮಳೆ ಬೇರೆ. ಕಂಡಕ್ಟರ್ ಮೂರು ಸಲ "ಕಾಪು, ಕಾಪು" ಅಂತ ಕೂಗಿದ್ದಾನಂತೆ. ನನಗೆ ಹೇಗೆ ಕೇಳಬೇಕು, ಆ ಹೊತ್ತಿಗೆ ನಾನು ಬೋಟ್ಸ್‌ವಾನಾದಲ್ಲಿದ್ದೆ. ಜೀಪು ಕೆಟ್ಟಿತ್ತು, ಗೈಡ್ ನಾಪತ್ತೆ, ಸ್ಯಾಟಲೈಟ್ ಫೋನಿನ ಬ್ಯಾಟರಿಯನ್ನು ಯಾರೋ ತೆಗೆದಿಟ್ಟಿದ್ದರು, ಹನ್ನೆರಡು ವರ್ಷದಿಂದ ಮಾತು ಬಿಟ್ಟ ಅಕ್ಕ ತಂಗಿ ಇಬ್ಬರೇ ಒಂದು ಮರದ ಕೆಳಗೆ ಕತ್ತಲಾಗುವುದನ್ನು ನೋಡುತ್ತಾ ಕೂತಿದ್ದರು.

ಪುಸ್ತಕದ ಹೆಸರು ಹೇಳುವುದಿಲ್ಲ. ಕತೆಯನ್ನು ಅರ್ಧ ಬಿಟ್ಟುಕೊಡುವ ಅಂದಾಜಿದೆ, ಹಾಗಾಗಿ.

ಥ್ರಿಲ್ಲರ್ ಓದುವುದಕ್ಕೆ ನಮ್ಮ ಕಡೆಯ ಮಳೆಗಾಲದಂಥ ಕಾಲ ಬೇರೆ ಇಲ್ಲ. ಕರೆಂಟು ಹೇಗೂ ಇರುವುದಿಲ್ಲ. ಒಣಗದ ಬಟ್ಟೆಯ ವಾಸನೆ, ಹಂಚಿನ ಮೇಲೆ ಒಂದೇ ಸಮ ಸದ್ದು, ಹಿತ್ತಲಲ್ಲಿ ಏನೋ ಧೊಪ್ಪಂತ ಬಿದ್ದರೆ ಅದು ತೆಂಗಿನಕಾಯಿ ಅಂತ ಗೊತ್ತಿದ್ದೂ ಎದೆ ಹೊಡೆದುಕೊಳ್ಳುತ್ತದೆ. ಇಂಥ ಒದ್ದೆಯಲ್ಲಿ ಕೂತು ಆ ಒಣ ಊರಿನ ಕತೆ ಓದುವ ಮಜವೇ ಬೇರೆ. ಕತೆ ನಡೆಯುವುದು ಒಕವಾಂಗೊ ಅನ್ನುವ ನದಿಯ ಬಯಲಲ್ಲಿ. 2014ರಲ್ಲಿ ಯುನೆಸ್ಕೊ ಪಟ್ಟಿಗೆ ಸಾವಿರನೆಯ ತಾಣವಾಗಿ ಸೇರಿದ ಜಾಗ ಅದು. ನಮ್ಮ ಸ್ವರ್ಣಾ, ಸೀತಾ ಹೊಳೆಗಳೆಲ್ಲ ಘಟ್ಟದಿಂದ ಇಳಿದವು ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡಿ ಸಮುದ್ರ ಸೇರಿಬಿಡುತ್ತವೆ. ಈ ನದಿಗೆ ಸಮುದ್ರವೇ ಇಲ್ಲ! ಅಂಗೋಲಾದ ಬೆಟ್ಟಗಳಲ್ಲಿ ಹುಟ್ಟಿ, ಕಲಹಾರಿಯ ಮರಳಿನಲ್ಲಿ ಕೈ ಬೆರಳಿನ ಹಾಗೆ ಹರಡಿಕೊಂಡು ಅಲ್ಲೇ ಇಂಗಿ, ಆವಿಯಾಗಿ ಮುಗಿದುಹೋಗುತ್ತದೆ. ಇನ್ನೂ ವಿಚಿತ್ರ ಅಂದರೆ, ವರ್ಷದ ಮೊದಲ ತಿಂಗಳುಗಳಲ್ಲಿ ಅಂಗೋಲಾದಲ್ಲಿ ಬಿದ್ದ ಮಳೆ ಈ ಬಯಲಿಗೆ ತೆವಳಿಕೊಂಡು ಬರುವಾಗ ಜೂನ್ ಜುಲೈ ಆಗಿರುತ್ತದೆ. ಅಲ್ಲಿ ಆಗ ಒಣಗಾಲ. ಆಕಾಶದಲ್ಲಿ ಒಂದು ಮೋಡ ಇಲ್ಲ, ಕೆಳಗೆ ನೆರೆ.

ಯಾವತ್ತೋ ಎಲ್ಲೋ ಬಿದ್ದ ಮಳೆಗೆ ಇವತ್ತು ಇಲ್ಲಿ ನೆರೆ ಬರುವ ಜಾಗಕ್ಕೆ ಮಾತು ಬಿಟ್ಟ ಇಬ್ಬರನ್ನು ಕಳಿಸಿದ್ದಾನಲ್ಲ ಲೇಖಕ, ಅಲ್ಲಿಗೆ ಅವನು ನನ್ನನ್ನು ಗೆದ್ದ.

ಸಫಾರಿ ಅಂದರೆ ನಮ್ಮ ಮನೆಯಲ್ಲಿ ಮೊದಲಿಗೆ ಕಾಡಲ್ಲ, ದೊಡ್ಡಪ್ಪನ ಡ್ರೆಸ್ಸು. ಬೂದಿ ಬಣ್ಣದ್ದು, ನಾಲ್ಕು ಜೇಬಿನದ್ದು. ಎಲ್ಲ ಮದುವೆ ಫೋಟೋಗಳಲ್ಲೂ ಅದೊಂದು ಇದ್ದೇ ಇರುತ್ತದೆ, ಒಳಗೆ ದೊಡ್ಡಪ್ಪ ಮಾತ್ರ ವರ್ಷದಿಂದ ವರ್ಷಕ್ಕೆ ದಪ್ಪ. ಶಬ್ದ ಸ್ವಾಹಿಲಿಯದಂತೆ. ಅದಕ್ಕೆ ಅರಬ್ಬಿಯಿಂದ ಬಂದದ್ದು, ನಾವು ಹಿಂದಿ ಹಾಡುಗಳಲ್ಲಿ ಕೇಳುವ ಅದೇ ಸಫರ್. ಸುಮ್ನೆ ಪ್ರಯಾಣ ಅಂತ ಅರ್ಥ. ಅದರಲ್ಲಿ ಸಿಂಹ ಎಲ್ಲೂ ಇಲ್ಲ. ಇನ್ನು ಹುಲಿ ಅಂದರೆ ನಮಗೆ ಅಷ್ಟಮಿಗೆ ತಾಸೆಯವರ ಜೊತೆ ಅಂಗಳಕ್ಕೇ ಬಂದು, ಕುಣಿದು, ನೆಲದ ಮೇಲಿಟ್ಟ ನೋಟನ್ನು ಬಾಯಲ್ಲಿ ಕಚ್ಚಿ ಎತ್ತಿಕೊಂಡು ಪಕ್ಕದ ಮನೆಗೆ ಹೋಗುವ ವೇಷದ ಹುಲಿ.

ಪುಸ್ತಕದಲ್ಲಿ ಗೈಡ್ ಸಾಯುವ ಮುಂಚೆ (ಇಂಥ ಕತೆಗಳಲ್ಲಿ ದಾರಿ ಗೊತ್ತಿದ್ದವನೇ ಮೊದಲು ಹೋಗಬೇಕು, ಪಾಪ) ಒಂದು ಮಾತು ಹೇಳುತ್ತಾನೆ. ತೆರೆದ ಜೀಪಿನಲ್ಲಿ ಏನೇ ಆದರೂ ಎದ್ದು ನಿಲ್ಲಬೇಡಿ. ಸಿಂಹದ ಕಣ್ಣಿಗೆ ಜೀಪು ಮತ್ತು ಅದರಲ್ಲಿ ಕೂತವರೆಲ್ಲ ಸೇರಿ ಒಂದೇ ದೊಡ್ಡ ಆಕಾರ. ಅದರ ತಂಟೆಗೆ ಅದು ಬರುವುದಿಲ್ಲ. ಯಾರಾದರೂ ಎದ್ದರೆ ಆ ಆಕಾರ ಒಡೆಯುತ್ತದೆ. ಆಗ ಅದಕ್ಕೆ ಮನುಷ್ಯ ಕಾಣುತ್ತಾನೆ. ಇದು ಲೇಖಕ ಕಟ್ಟಿದ್ದಲ್ಲ, ಸಫಾರಿಗೆ ಹೋದವರಿಗೆಲ್ಲ ಹೇಳುವ ಮಾತೇ.

ಇದನ್ನು ಓದಿದಾಗ ನನಗೆ ಕಂಡದ್ದು ಸಿಂಹ ಅಲ್ಲ, ಕಾರ್ಕಳದ ಒಂದು ಮದುವೆ ಹಾಲಿನ ಊಟದ ಪಂಕ್ತಿ.

ನನ್ನ ಅಮ್ಮ ಮತ್ತು ದೊಡ್ಡಮ್ಮ ಹನ್ನೊಂದು ವರ್ಷ ಮಾತಾಡಿರಲಿಲ್ಲ. ಈ ಸಂಗತಿ ಗೊತ್ತಿಲ್ಲದ ಗಂಡಿನ ಕಡೆಯವರೊಬ್ಬರು, ಬಹಳ ಪ್ರೀತಿಯಿಂದ, ಇಬ್ಬರನ್ನೂ ಕೈಹಿಡಿದು ಕರೆದುಕೊಂಡು ಹೋಗಿ ಅಕ್ಕಪಕ್ಕದ ಎಲೆಗೆ ಕೂರಿಸಿಬಿಟ್ಟರು. ಸಿನಿಮಾ ಮಾಡುತ್ತಿದ್ದ ಹಿಚ್‌ಕಾಕ್ ಒಂದು ಕಡೆ ಹೇಳಿದ್ದಾನೆ: ಇಬ್ಬರು ಮೇಜಿನ ಮುಂದೆ ಹರಟುತ್ತಿರುವಾಗ ಒಮ್ಮೆಲೇ ಬಾಂಬು ಸಿಡಿದರೆ ನೋಡುವವರು ಹದಿನೈದು ಸೆಕೆಂಡು ಬೆಚ್ಚುತ್ತಾರೆ, ಮೇಜಿನ ಅಡಿಯಲ್ಲಿ ಬಾಂಬಿದೆ ಅಂತ ಅವರಿಗೆ ಮೊದಲೇ ತೋರಿಸಿಟ್ಟರೆ ಅದೇ ಹರಟೆಯನ್ನು ಹದಿನೈದು ನಿಮಿಷ ಉಸಿರು ಬಿಗಿಹಿಡಿದು ನೋಡುತ್ತಾರೆ. ಅವತ್ತು ಆ ಹಾಲಿನಲ್ಲಿ ನಮ್ಮ ಕಡೆಯ ಎಂಬತ್ತು ಜನ ಹಾಗೆಯೇ ಕೂತಿದ್ದರು. ಉಪ್ಪು ಬಂತು. ಕೋಸಂಬರಿ ಬಂತು. ಮಾವ ಸಾರನ್ನವನ್ನು ಕೈಯಲ್ಲಿ ಹಿಡಿದುಕೊಂಡವರು ಬಾಯಿಗೆ ಹಾಕಲಿಲ್ಲ. ಪಂಕ್ತಿಯಲ್ಲಿ ಕೂತ ಮೇಲೆ ನಡುವೆ ಏಳುವಂತಿಲ್ಲ, ಎದ್ದರೆ ಇಡೀ ಊರಿಗೆ ಕಾಣುತ್ತದೆ. ಅಮ್ಮ ಎಡಕ್ಕೆ ನೋಡಲಿಲ್ಲ, ದೊಡ್ಡಮ್ಮ ಬಲಕ್ಕೆ ನೋಡಲಿಲ್ಲ. ಮಟ್ಟುಗುಳ್ಳದ ಹುಳಿ ಬಂದು ಹೋಯಿತು.

ಏನೂ ಆಗಲಿಲ್ಲ. ಇಬ್ಬರೂ ಎರಡನೇ ಸಲ ಹೋಳಿಗೆ ಹಾಕಿಸಿಕೊಂಡರು. ಗಂಡಿನ ಕಡೆಯವರು ಆಮೇಲೆ ಹೇಳಿದರಂತೆ, ಅಕ್ಕ ತಂಗಿ ಎಷ್ಟು ಚಂದ ಕೂತು ಊಟ ಮಾಡಿದರು ಅಂತ.

ಜಗಳ ಯಾಕೆ ಅಂತ ಕೇಳಬೇಕಲ್ವಾ? ಇಲ್ಲೇ ನನಗೆ ಆ ಕಾದಂಬರಿಯ ಮೇಲೆ ಸಿಟ್ಟು. ಅದರಲ್ಲಿ ಅಕ್ಕ ತಂಗಿ ಬೇರೆಯಾಗಲು ಒಂದು ಉಯಿಲು, ಒಂದು ಸುಳ್ಳು ಸಾಕ್ಷಿ, ಒಬ್ಬ ಗಂಡ, ಕಡಲ ತೀರದ ಒಂದು ಬಂಗಲೆ ಎಲ್ಲ ಬೇಕಾಗಿದೆ. ಇನ್ನೂರು ಪುಟ ಕಾಯಿಸಿ ಕಾರಣ ಹೇಳುತ್ತಾರೆ. ಅಷ್ಟು ದೊಡ್ಡ ಕಾರಣ ಇದ್ದರೆ ಜನ ಮಾತು ಬಿಡುವುದಿಲ್ಲ ಮಾರಾಯ್ರೆ, ಕೋರ್ಟಿಗೆ ಹೋಗುತ್ತಾರೆ. ವಾಯಿದೆಗೆ ವಾಯಿದೆಗೆ ಅಲ್ಲಾದರೂ ಮುಖ ನೋಡುತ್ತಾರೆ. ನಮ್ಮ ಮನೆಯಲ್ಲಿ ಕಾರಣ ಅಜ್ಜಿಯ ಶ್ಯಾವಿಗೆ ಮಣೆ. ಅಜ್ಜಿ ಹೋದ ಮೇಲೆ ಅದನ್ನು ದೊಡ್ಡಮ್ಮ ಹೇಳದೆ ತೆಗೆದುಕೊಂಡು ಹೋದರು ಅಂತ ಅಮ್ಮ. ಕೇಳಿಯೇ ತಂದದ್ದು, ಅವಳಿಗೆ ನೆನಪಿಲ್ಲ ಅಂತ ದೊಡ್ಡಮ್ಮ. ಹಳೇ ಮರದ ಮಣೆ ಅದು, ಉದ್ದ ಹಿಡಿಯದ್ದು. ಬಿಸಿ ಉಂಡೆ ಹಾಕಲು ಒಬ್ಬರು, ಹಿಡಿಯನ್ನು ಮೈಭಾರ ಹಾಕಿ ಒತ್ತಲು ಇನ್ನೊಬ್ಬರು ಬೇಕು. ಹನ್ನೊಂದು ವರ್ಷ ಅದು ದೊಡ್ಡಮ್ಮನ ಅಟ್ಟದಲ್ಲಿತ್ತು. ಅಮ್ಮ ಅಂಗಡಿಯಿಂದ ತಿರುಗಿಸುವ ಸ್ಟೀಲಿನದ್ದು ತಂದಳು. ಒಬ್ಬರಿಗೇ ಆಗುತ್ತದೆ, ಆದರೆ ಕೈ ನೋವು.

ಪುಸ್ತಕದಲ್ಲಿ ಅಕ್ಕ ತಂಗಿ ಮತ್ತೆ ಬಾಯಿ ಬಿಡುವುದು ನೀರಾನೆಯಿಂದ. ರಾತ್ರಿ ಅದು ಹುಲ್ಲು ಮೇಯಲು ದಡಕ್ಕೆ ಬರುತ್ತದೆ, ಅದಕ್ಕೂ ನೀರಿಗೂ ನಡುವೆ ಮನುಷ್ಯ ಸಿಕ್ಕಿದರೆ ಮುಗಿಯಿತು. ಒಂದೂವರೆ ಟನ್ನಿನ ಪ್ರಾಣಿ ಹೆದರಿ ಓಡಿ ಬರುವಾಗ ತಂಗಿ "ಅಕ್ಕಾ" ಅಂತ ಕಿರುಚುತ್ತಾಳೆ. ಆಮೇಲೆ ಆರು ಪುಟ ಇಬ್ಬರೂ ತಬ್ಬಿಕೊಂಡು ಅಳುತ್ತಾರೆ. ಆರು ಪುಟ ಜಾಸ್ತಿ ಆಯಿತು.

ನಮ್ಮಲ್ಲಿ ಕೆಲಸ ಮಾಡಿದ್ದು ಚಿರತೆ. ಕಾರ್ಕಳದ ಆಚೆ ದೊಡ್ಡಮ್ಮನ ಮನೆ, ಹಿಂದೆಯೇ ಗುಡ್ಡ. ಒಂದು ರಾತ್ರಿ ನಾಯಿಯನ್ನು ಅಟ್ಟಿಸಿಕೊಂಡು ಬಂದ ಚಿರತೆ, ನಾಯಿ ಪಕ್ಕಕ್ಕೆ ಹಾರಿಕೊಂಡಿತೋ ಏನೋ, ಕಟ್ಟೆ ಇಲ್ಲದ ಬಾವಿಗೆ ಬಿತ್ತು. ನಮ್ಮ ಜಿಲ್ಲೆಯಲ್ಲಿ ಇದು ಆಗಾಗ ಪೇಪರಿನಲ್ಲಿ ಬರುವ ಸುದ್ದಿಯೇ. ಬೆಳಿಗ್ಗೆ ನೋಡಿದರೆ ಪಂಪಿನ ಪೈಪು ತಬ್ಬಿಕೊಂಡು, ಕೆಂಪು ಕಲ್ಲಿನ ಸಂದಿಗೆ ಕಾಲು ಕೊಟ್ಟು, ಮೇಲೆ ಬಗ್ಗಿದ ನೂರು ತಲೆಗಳನ್ನು ನೋಡುತ್ತಾ ನಿಂತಿದೆ. ಅರಣ್ಯ ಇಲಾಖೆಯವರು ಬಂದು ಹಗ್ಗ ಕಟ್ಟಿ ಬೋನು ಇಳಿಸಿದರು. ಜನರನ್ನು ದೂರ ಕಳಿಸುವುದೇ ಅವರಿಗೆ ದೊಡ್ಡ ಕೆಲಸ. ಗಲಾಟೆ ಕಡಿಮೆಯಾದ ಮೇಲೆ ಅದು ತಾನಾಗಿಯೇ ಬೋನಿನೊಳಗೆ ಹೋಗಿ ಕೂತಿತು.

ಆ ವಿಡಿಯೋ ಮಧ್ಯಾಹ್ನದೊಳಗೆ ಎಲ್ಲರ ಮೊಬೈಲಿಗೂ ಬಂತು. ಅಮ್ಮ ಕನ್ನಡಕ ಹಾಕಿಕೊಂಡು ನಾಲ್ಕು ಸಲ ನೋಡಿದಳು. ಚಿರತೆಯನ್ನಲ್ಲ, ಹಿಂದೆ ಕಾಣುವ ಮನೆ, ಅಂಗಳ, ಬಟ್ಟೆ ಹರವುವ ಹಗ್ಗ. ಆಮೇಲೆ ನಿನ್ನ ಮೊಬೈಲು ಕೊಡು ಅಂದಳು. ಅವಳದ್ದರಲ್ಲಿ ಆ ನಂಬರೇ ಇರಲಿಲ್ಲ. ನಾನು ಹಚ್ಚಿ ಕೊಟ್ಟೆ. ಅತ್ತ ಕಡೆ "ಹಲೋ" ಅಂದದ್ದು ನನಗೂ ಕೇಳಿತು. ಅಮ್ಮ ಅಕ್ಕ ಅನ್ನಲಿಲ್ಲ, ಹೇಗಿದ್ದೀ ಅನ್ನಲಿಲ್ಲ, ಹೆದರಿದೆಯಾ ಅಂತಲೂ ಇಲ್ಲ.

"ಬಾವಿ ನೀರು ಇನ್ನು ಕುಡಿಯಲಿಕ್ಕೆ ಆಗ್ಲಿಕ್ಕಿಲ್ಲ. ನೀರಿಗೆ ಎಂತ ಮಾಡ್ತಿ?"

ಸ್ವಲ್ಪ ಹೊತ್ತು ಅತ್ತ ಕಡೆ ಏನೂ ಇಲ್ಲ. ಆಮೇಲೆ ದೊಡ್ಡಮ್ಮ ಹೇಳಿದ್ದು, ಪಕ್ಕದ ಮನೆಯಿಂದ ಎರಡು ಕೊಡ ತಂದಿದ್ದೇವೆ, ಬಾವಿ ಖಾಲಿ ಮಾಡಿಸಿ ಬ್ಲೀಚಿಂಗ್ ಪುಡಿ ಹಾಕಿಸಬೇಕು, ಪಂಪಿನವನು ನಾಡಿದ್ದು ಬರ್ತಾನಂತೆ. ಪಂಪಿನವನ ಬಗ್ಗೆ ಹತ್ತು ನಿಮಿಷ ಮಾತಾಯಿತು. ಅವನು ಇಬ್ಬರಿಗೂ ಸರಿ ಬರದ ಜನ.

ಈಗ ಹದಿನೈದು ದಿನಕ್ಕೊಮ್ಮೆ ಫೋನು ಇದೆ. ನೀರು, ಪಂಪು, ಮಳೆ, ಅಡಿಕೆಗೆ ಮದ್ದು ಬಿಟ್ಟದ್ದು. ಶ್ಯಾವಿಗೆ ಮಣೆಯ ಸುದ್ದಿ ಇಬ್ಬರೂ ಎತ್ತಿಲ್ಲ. ನಾವೂ ಎತ್ತುವುದಿಲ್ಲ, ಜೀಪಿನಲ್ಲಿ ಕೂತಿದ್ದೇವಲ್ಲ.

ಕಟಪಾಡಿಯಲ್ಲಿ ಇಳಿದು ಮಳೆಯಲ್ಲಿ ನೆನೆದು ಬೇರೆ ಬಸ್ಸು ಹಿಡಿದು ಮನೆಗೆ ಬಂದ ಸಂಜೆ, ತಡವಾದದ್ದಕ್ಕೆ ಕಾರಣ ಕೊಡಲೇಬೇಕಾಗಿ ಅಮ್ಮನಿಗೆ ಕತೆ ಹೇಳಿದೆ. ಅಮ್ಮ ಹಲಸಿನ ಬೇಳೆ ಸುಲಿಯುತ್ತಾ ಕೇಳಿದಳು. ಗೈಡನ್ನು ಕೊಂದದ್ದು ಯಾರು ಅಂತ ಕೇಳಲಿಲ್ಲ. ಸಿಂಹದ ಬಗ್ಗೆ ಒಂದು ಪ್ರಶ್ನೆ ಇಲ್ಲ.

"ನಾಲ್ಕು ದಿನ ಊಟಕ್ಕೆ ಎಂತ ಮಾಡಿದ್ರು ಅವರು?"

ಪುಟ ಹಿಂದೆ ಮುಂದೆ ಮಾಡಿ ಹುಡುಕಿದೆ. ತಂಗಿಯ ಚೀಲದಲ್ಲಿ ಒಂದು ಪೊಟ್ಟಣ ಬಿಸ್ಕತ್ತು ಇತ್ತು ಅಂತ ಒಂದು ಸಾಲು ಸಿಕ್ಕಿತು.

"ಯಾರು ಜಾಸ್ತಿ ತಿಂದದ್ದು?"

ಅದು ಬರೆದಿರಲಿಲ್ಲ. ಅರ್ಧ ಅರ್ಧ ಅಂತ ಉಂಟು ಅಂದೆ. ಅಮ್ಮ ನಂಬಲಿಲ್ಲ.